ಬಿಲದೊಳಗಿನ ರಾಗಿ ಯಾರದು?

ಹೊಂಗನೂರಿನಲ್ಲಿ ನಮ್ಮ ಅಬ್ಬಾ ಗುತ್ತಿಗೆಗೆ ಹಿಡಿದ ಒಂದು ತುಂಡು ಹೊಲವಿತ್ತು. ಅಬ್ಬಾ ಬೇಸಾಯಗಾರರಲ್ಲ. ಚನ್ನಪಟ್ಟಣದಲ್ಲಿ ರೇಷ್ಮೆ ನೂಲು ತೆಗೆಯುವ ನಾಲ್ಕು ಚರಕಗಳಿಂದ ನಮ್ಮ ಮನೆ ನಡೆಯುತ್ತಿತ್ತು. ಗೂಡಿನ ಬೆಲೆ ಏರಿ ನೂಲಿನ ಬೆಲೆ ಬಿದ್ದ ಒಂದು ವರ್ಷ, ಮನೆಯ ಹಿಟ್ಟಿಗಾದರೂ ಆಗಲಿ ಎಂದು ಅವರು ಆ ಹೊಲ ಹಿಡಿದರು. ಎಂಬತ್ತರ ದಶಕದ ಕೊನೆಯ ಮಾತು. ನಮಗಾಗ ಎಂಟೊಂಬತ್ತು ವರ್ಷ. ರಾಗಿ ಕೊಯ್ದು ಮೆದೆ ಹಾಕಿದ ಮೇಲೆ ಒಂದು ಬೆಳಿಗ್ಗೆ ಒಬ್ಬ ಇರುಳಿಗ ತನ್ನ ಹೆಂಡತಿ ಮತ್ತು ಕೈಗೂಸಿನೊಂದಿಗೆ ಬಂದು ಹೊಲದ ಬದುವಿನ ಮೇಲೆ ಕುಳಿತ. ಬದುವಿನ ತುಂಬ ಇಲಿಯ ಬಿಲಗಳು. ಅಬ್ಬಾ ಅವನಿಗೆ ಹೇಳಿ ಕಳಿಸಿದ್ದರು.

ಅವನ ಕೆಲಸವನ್ನು ನಾವು ಕಣ್ಣು ಪಿಳುಕಿಸದೆ ನೋಡಿದ್ದು ನೆನಪಿದೆ. ಮೊದಲು ಒಂದು ಸುತ್ತು ನಡೆದು ಬಂದ. ಯಾವ ಬಿಲದಲ್ಲಿ ಇಲಿ ಇದೆ, ಯಾವುದು ಬಿಟ್ಟುಹೋದ ಬಿಲ ಎಂಬುದು ಅವನಿಗೆ ಬಾಯಿಯ ಮಣ್ಣು ನೋಡಿದರೇ ತಿಳಿಯುತ್ತಿತ್ತು. ಉಳಿದ ಬಾಯಿಗಳಿಗೆಲ್ಲ ಮಣ್ಣು ಮೆತ್ತಿ ಒಂದನ್ನು ಮಾತ್ರ ಬಿಟ್ಟ. ತೂತು ಮಾಡಿದ ಮಡಕೆಯೊಳಗೆ ಒಣಹುಲ್ಲು ತುರುಕಿ ಬೆಂಕಿ ಹಚ್ಚಿ, ಮಡಕೆಯ ಬಾಯನ್ನು ಬಿಲದ ಬಾಯಿಗೆ ಒತ್ತಿಹಿಡಿದು, ಹಿಂದಿನ ತೂತಿಗೆ ತನ್ನ ಬಾಯಿ ಇಟ್ಟು ಊದತೊಡಗಿದ. ಹೊಗೆಯ ಅರ್ಧ ಬಿಲಕ್ಕೆ ಹೋದರೆ ಅರ್ಧ ಅವನ ಎದೆಗೆ ಹೋಗುತ್ತಿತ್ತು. ಕೆಮ್ಮಿದ, ಉಗುಳಿದ, ಮತ್ತೆ ಊದಿದ. ಆಮೇಲೆ ಹಾರೆಯಿಂದ ಅಗೆದ. ಮಧ್ಯಾಹ್ನದ ಹೊತ್ತಿಗೆ ಹದಿನೈದಿಪ್ಪತ್ತು ಇಲಿಗಳು ಅವನ ಚೀಲದಲ್ಲಿದ್ದವು.

ಬಿಲದ ಕೊನೆಯಲ್ಲಿ ಇಲಿಗಳ ಕಣಜ ಸಿಕ್ಕಿತು. ಕತ್ತರಿಸಿ ಎಳೆದು ತಂದ ತೆನೆಗಳು, ಒಂದರ ಮೇಲೊಂದು ಜೋಡಿಸಿಟ್ಟಂತೆ. ಉಜ್ಜಿದರೆ ಮೂರು ನಾಲ್ಕು ಸೇರು ರಾಗಿ. ಅವನ ಹೆಂಡತಿ ಅದನ್ನು ಸೆರಗಿಗೆ ತುಂಬಿಕೊಳ್ಳತೊಡಗಿದಳು. ಮೆದೆಯ ನೆರಳಿನಲ್ಲಿ ಕುಳಿತಿದ್ದ ಅಬ್ಬಾ ಎದ್ದು ಬಂದು ಹೇಳಿದರು: "ಇಲಿ ನಿಮ್ದು, ರಾಗಿ ನಮ್ದು."

ಗದರಿದ ಮಾತಲ್ಲ ಅದು, ಲೆಕ್ಕದ ಮಾತು. ಕೂಲಿ ಎಂದು ಬೇರೆ ಏನೂ ಇರಲಿಲ್ಲ, ಇಲಿಯೇ ಕೂಲಿ. ಅವನು ಎದುರು ಮಾತಾಡಲಿಲ್ಲ. ಹೆಂಡತಿಯ ಸೆರಗಿನಲ್ಲಿದ್ದುದನ್ನು ನಮ್ಮ ಗೋಣಿಗೆ ಸುರಿಸಿದ. ಹೋಗುವಾಗ ನೀರು ಕೇಳಿದ. ನಮ್ಮ ಗುಡಿಸಲಿನ ಗೋಡೆಯ ಮೇಲೆ ಒಂದು ತಗ್ಗುಬಿದ್ದ ಸಿಲ್ವರ್ ಲೋಟ ಇರುತ್ತಿತ್ತು, ಅದರಲ್ಲಿ ಕೊಟ್ಟೆವು. ಆ ಲೋಟ ಒಳಗೆ ಬಂದದ್ದನ್ನು ನಾವು ಎಂದೂ ನೋಡಲಿಲ್ಲ.

ಸಂಜೆ ಚನ್ನಪಟ್ಟಣದ ಮನೆಗೆ ಗೋಣಿ ತಂದಾಗ ದಾದಿ ಅಡ್ಡ ನಿಂತರು. ಇಲಿಯ ಬಿಲದಿಂದ ಬಂದ ಕಾಳು ನಜಿಸ್, ಅಡುಗೆಮನೆಗೆ ತರಕೂಡದು ಎಂದರು. ಅಬ್ಬಾ ವಾದಿಸಲಿಲ್ಲ. ರಾಗಿಯನ್ನು ಹಿತ್ತಲಿನ ಕೋಳಿಗಳಿಗೆ ಹಾಕಿದೆವು. ಆ ಕೋಳಿಗಳನ್ನು ನಾವೇ ತಿಂದೆವು.

ಅಬ್ಬಾ ಒಳ್ಳೆಯವರು. ಐದು ಹೊತ್ತಿನ ನಮಾಜಿನವರು. ಬೆವರಾರುವ ಮೊದಲೇ ಕೂಲಿ ಕೊಡಬೇಕೆಂಬ ಪ್ರವಾದಿ(ಸ)ಯವರ ಮಾತನ್ನು ಮನೆಯಲ್ಲಿ ಆಗಾಗ ನೆನೆಯುತ್ತಿದ್ದವರು. ಅಂದೂ ಬೆವರಾರುವ ಮೊದಲೇ ಕೊಟ್ಟಿದ್ದರು, ಇಲಿಗಳನ್ನು! ಅವರನ್ನು ತಪ್ಪಿತಸ್ಥರ ಸಾಲಿನಲ್ಲಿ ನಿಲ್ಲಿಸಲು ಇದನ್ನು ಬರೆಯುತ್ತಿಲ್ಲ. ನಮ್ಮ ಬಾಯಿಗೆ ಬೇಡವಾದ ರಾಗಿಯನ್ನು ಹಸಿದವನ ಸೆರಗಿನಿಂದ ಸುರಿಸಿಕೊಳ್ಳುವಂತೆ ಒಬ್ಬ ಒಳ್ಳೆಯ ಮನುಷ್ಯನಿಂದ ಮಾಡಿಸಿದ್ದು ಏನು ಎಂಬುದು ನಮ್ಮ ಪ್ರಶ್ನೆ.

ಇರುಳಿಗರು ರಾಮನಗರ, ಮಾಗಡಿ, ಕನಕಪುರ, ಚನ್ನಪಟ್ಟಣ ಸೀಮೆಯ ಬೆಟ್ಟಗುಡ್ಡಗಳ ತಪ್ಪಲಿನ ಜನ. ಜೇನು ಬಿಚ್ಚುವುದು, ಗೆಣಸು ಅಗೆಯುವುದು, ಇಲಿ ಹಾವು ಹಿಡಿಯುವುದು, ಮಾವಿನ ತೋಪು ಕಾಯುವುದು ಅವರ ಬದುಕು. ಸರ್ಕಾರದ ಪಟ್ಟಿಯಲ್ಲಿ ಪರಿಶಿಷ್ಟ ಪಂಗಡ. ತಮಿಳುನಾಡಿನ ಇರುಳರು ಇವರ ಬಳಗ. ಹೆಸರಿನಲ್ಲೇ ಇರುಳು ಇದೆ. ರಾಮನಗರಕ್ಕೆ ಬಂದವರಿಗೆಲ್ಲ 1975ರ 'ಶೋಲೆ' ಚಿತ್ರದಲ್ಲಿ ಗಬ್ಬರ್ ಸಿಂಗ್ ಓಡಾಡಿದ ಬಂಡೆಗಳನ್ನು ತೋರಿಸುತ್ತೇವೆ, ಅದೇ ಬೆಟ್ಟಸಾಲಿನ ಮಗ್ಗುಲಲ್ಲಿ ಬದುಕುವ ಇರುಳಿಗರನ್ನು ತೋರಿಸುವುದಿಲ್ಲ. 2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಎಂದು ಬದಲಾಯಿತು. ಹೆಸರಿನ ಬಗ್ಗೆ ಪರ ವಿರೋಧ ಏನೆಲ್ಲ ಚರ್ಚೆಯಾಯಿತು! ಆ ಚರ್ಚೆಯಲ್ಲಿ ಇರುಳಿಗರ ದನಿ ನಮಗಂತೂ ಕೇಳಿಸಲಿಲ್ಲ.

ಉತ್ತರದಲ್ಲಿ ಇವರಿಗೊಂದು ಸೋದರ ಜನಾಂಗವಿದೆ. ರಕ್ತದಿಂದಲ್ಲ, ಪಾಡಿನಿಂದ ಸೋದರರು. ಬಿಹಾರ, ಪೂರ್ವ ಉತ್ತರಪ್ರದೇಶ ಮತ್ತು ನೇಪಾಳದ ತರಾಯಿಯ ಮುಸಹರರು. ಮೂಸ ಎಂದರೆ ಇಲಿ. ಇಲಿಯನ್ನು ಆಹಾರ ಮಾಡಿಕೊಂಡವರು ಎಂಬುದೇ ಅವರ ಜಾತಿಯ ಹೆಸರು ಎನ್ನುತ್ತಾರೆ. ಅಲ್ಲಿ ಅವರು ದಲಿತರು, ದಲಿತರಲ್ಲೂ ಕೊನೆಯವರು. 2023ರಲ್ಲಿ ಪ್ರಕಟವಾದ ಬಿಹಾರದ ಜಾತಿ ಸಮೀಕ್ಷೆಯ ಪ್ರಕಾರ ಆ ರಾಜ್ಯದ ಜನಸಂಖ್ಯೆಯಲ್ಲಿ ಶೇಕಡಾ 3ಕ್ಕೂ ಹೆಚ್ಚು, ಅಂದರೆ ಸುಮಾರು ನಲವತ್ತು ಲಕ್ಷ ಜನ. ಹೆಚ್ಚಿನವರು ಭೂಮಿಯಿಲ್ಲದ ಕೂಲಿಗಳು. ಗಯಾ ಜಿಲ್ಲೆಯ ಗೆಹ್ಲೌರ್‌ನಲ್ಲಿ 1960ರಿಂದ 1982ರವರೆಗೆ ಉಳಿ ಸುತ್ತಿಗೆ ಹಿಡಿದು ಒಂಟಿಯಾಗಿ ಬೆಟ್ಟ ಕಡಿದು ದಾರಿ ಮಾಡಿದ ದಶರಥ ಮಾಂಝಿ ಈ ಜನಾಂಗದವರು. ಅವರ ಮೇಲೆ ಸಿನಿಮಾ ಬಂದಿದೆ, ನಾವೆಲ್ಲ ನೋಡಿ ಮೆಚ್ಚಿದ್ದೇವೆ. ಒಬ್ಬ ಮನುಷ್ಯ ಇಪ್ಪತ್ತೆರಡು ವರ್ಷ ಬೆಟ್ಟ ಕಡಿಯುತ್ತಿದ್ದಾಗ ಲೋಕೋಪಯೋಗಿ ಇಲಾಖೆ ಎಲ್ಲಿತ್ತು ಎಂದು ಮೆಚ್ಚುವ ಭರದಲ್ಲಿ ಕೇಳುವುದನ್ನು ಮರೆತೆವು.

2008ರಲ್ಲಿ ಬಿಹಾರದಲ್ಲಿ ಎರಡು ಸಲಹೆಗಳು ಬಂದವು. ಇಲಿ ಮಾಂಸವನ್ನು ಎಲ್ಲರೂ ತಿನ್ನುವಂತೆ ಪ್ರೋತ್ಸಾಹಿಸಬೇಕು, ಹೋಟೆಲುಗಳಲ್ಲೂ ಅದು ಸಿಗಬೇಕು, ಧಾನ್ಯವೂ ಉಳಿಯುತ್ತದೆ, ಮುಸಹರರಿಗೆ ಸಂಪಾದನೆಯೂ ಆಗುತ್ತದೆ ಎಂದು ಸರ್ಕಾರದ ಒಬ್ಬ ಹಿರಿಯ ಅಧಿಕಾರಿ ಹೇಳಿದರು. ಜಗತ್ತಿನ ಪತ್ರಿಕೆಗಳೆಲ್ಲ ಅದನ್ನು ಬರೆದವು, ಓದಿದವರೆಲ್ಲ ಮೂಗು ಮುಚ್ಚಿಕೊಂಡು ನಕ್ಕರು. ಅದೇ ವರ್ಷ ಡಿ. ಬಂದೋಪಾಧ್ಯಾಯ ಅವರ ಭೂಸುಧಾರಣಾ ಆಯೋಗ ಸರ್ಕಾರಕ್ಕೆ ವರದಿ ಕೊಟ್ಟಿತು. ಭೂಹೀನ ಕೂಲಿಗಳಿಗೆ ಭೂಮಿ, ಮನೆಯಿಲ್ಲದವರಿಗೆ ಹತ್ತು ಡೆಸಿಮಲ್ ನಿವೇಶನ ಕೊಡಬೇಕೆಂದಿತು. ಅದಕ್ಕೆ ಯಾರೂ ನಗಲಿಲ್ಲ. ವರದಿ ಕಪಾಟು ಸೇರಿತು. ಇಲಿಯ ಮೇಲೆ ಮುಸಹರನ ಹಕ್ಕನ್ನು ಒಪ್ಪಲು ಜಗತ್ತಿಗೆ ಕಷ್ಟವೇ ಇಲ್ಲ. ಇಲಿ ನಿಮ್ದು, ಭೂಮಿ ನಮ್ದು. ಅಬ್ಬಾ ಹೇಳಿದ್ದೂ ಇದನ್ನೇ ತಾನೆ?

ತಿನ್ನುವುದು ಹೊಲಸಾದ್ದರಿಂದ ತಿನ್ನುವವನು ಕೀಳು ಎಂದು ನಾವು ನಂಬಿಕೊಂಡಿದ್ದೇವೆ. ನಿಜ ಸಂಗತಿ ತಿರುವುಮುರುವು ಇರಬಹುದೆಂದು ನಮಗೆ ಈಚೆಗೆ ಅನಿಸತೊಡಗಿದೆ. ನಮ್ಮ ಸೀಮೆಯ ದೊಡ್ಡ ಮನೆಗಳ ಗೋಡೆಗಳಲ್ಲಿ ಬಂದೂಕು ಹಿಡಿದು ಕಾಡುಹಂದಿಯ ಮೇಲೆ ಕಾಲಿಟ್ಟು ನಿಂತ ಹಿರಿಯರ ಹಳೆಯ ಫೋಟೋಗಳನ್ನು ನೋಡಿದ್ದೇವೆ. ಅವರು ಶಿಕಾರಿ ಮಾಡಿದವರು. ಅದೇ ಕಾಡಿನಲ್ಲಿ ಉಡ ಹಿಡಿದ ಇರುಳಿಗ ಮಾತ್ರ ಕಳ್ಳ. ಪ್ರಾಣಿಯೂ ಕಾಡಿನದೇ, ಮಾಂಸವೂ ಮಾಂಸವೇ. ಇನ್ನು ಮುಸಹರ ಸಮುದಾಯದ ಜೀತನ್ ರಾಮ್ ಮಾಂಝಿ 2014ರಲ್ಲಿ ಬಿಹಾರದ ಮುಖ್ಯಮಂತ್ರಿಯಾದರು. ಮಧುಬನಿ ಜಿಲ್ಲೆಯ ಒಂದು ದೇವಾಲಯಕ್ಕೆ ತಾವು ಹೋಗಿ ಬಂದ ಮೇಲೆ ಅದನ್ನು ತೊಳೆದು ಶುದ್ಧ ಮಾಡಿದರೆಂದು ಅದೇ ವರ್ಷ ಅವರೇ ಹೇಳಿಕೊಂಡರು. ಮುಖ್ಯಮಂತ್ರಿಯ ಊಟದ ತಟ್ಟೆಯಲ್ಲಿ ಏನಿದೆ ಎಂದು ತೊಳೆದವರು ವಿಚಾರಿಸಿದ್ದರೆ?

ನಮ್ಮ ಧರ್ಮದಲ್ಲಿ ಇಲಿ ಹರಾಮ್. ಅದರಲ್ಲಿ ನಮಗೆ ಅನುಮಾನವಿಲ್ಲ, ಅದನ್ನು ಬದಲಿಸುವ ಉತ್ಸಾಹವೂ ಇಲ್ಲ. ಆದರೆ ಹರಾಮ್ ಬೇರೆ, ಹೇಸಿಗೆ ಬೇರೆ. ಹರಾಮ್ ಎನ್ನುವುದು ನಮ್ಮ ಬಾಯಿಗೆ ಹಾಕಿಕೊಂಡ ಕಡಿವಾಣ. ಹೇಸಿಗೆ ಎನ್ನುವುದು ಇನ್ನೊಬ್ಬನ ಮುಖಕ್ಕೆ ಒಗೆದ ಕಲ್ಲು. ಉರ್ದು ಶಾಲೆಯ ನಮ್ಮ ಉಸ್ತಾದರು ಹೇಳಿದ ಒಂದು ಪ್ರಸಂಗ ಈ ವ್ಯತ್ಯಾಸವನ್ನು ನಮಗೆ ತಿಳಿಸಿಕೊಟ್ಟಿತು, ಆದರೆ ಅದು ನಮ್ಮ ತಲೆಗೆ ಇಳಿಯಲು ಮೂವತ್ತು ವರ್ಷ ಬೇಕಾಯಿತು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಇರುವ ಪ್ರಸಂಗ ಅದು. ಪ್ರವಾದಿ(ಸ)ಯವರ ಪತ್ನಿ ಮೈಮೂನಾ(ರ) ಅವರ ಮನೆಯಲ್ಲಿ ಊಟಕ್ಕೆ ಸುಟ್ಟ ದಬ್ಬ್ ಬಡಿಸಿದ್ದರು. ದಬ್ಬ್ ಎಂದರೆ ನಮ್ಮ ಉಡವನ್ನು ಹೋಲುವ ಮರುಭೂಮಿಯ ಪ್ರಾಣಿ. ಇದು ದಬ್ಬ್ ಎಂದು ತಿಳಿದಾಗ ಪ್ರವಾದಿ(ಸ)ಯವರು ಕೈ ಹಿಂದೆಗೆದುಕೊಂಡರು. ಇದು ಹರಾಮೇ ಎಂದು ಖಾಲಿದ್ ಬಿನ್ ವಲೀದ್(ರ) ಕೇಳಿದರು. ಅಲ್ಲ, ನಮ್ಮ ಕಡೆ ಇದು ರೂಢಿಯಲ್ಲಿಲ್ಲ, ಹಾಗಾಗಿ ನನಗೆ ಒಗ್ಗುವುದಿಲ್ಲ ಎಂಬ ಅರ್ಥದ ಉತ್ತರ ಬಂತು. ಖಾಲಿದರು ಅದನ್ನು ತಮ್ಮ ಕಡೆಗೆ ಎಳೆದುಕೊಂಡು ತಿಂದರು. ಪ್ರವಾದಿ(ಸ)ಯವರು ನೋಡುತ್ತ ಕುಳಿತಿದ್ದರು.

ದಬ್ಬ್ ಹರಾಮಲ್ಲ, ಇಲಿ ಹರಾಮ್, ಹೋಲಿಕೆ ಸರಿಯಲ್ಲ ಎಂದು ಮೌಲ್ವಿಗಳು ಹೇಳಿದರೆ ಒಪ್ಪುತ್ತೇವೆ. ನಮ್ಮ ಗಮನ ಇರುವುದು ಬೇರೆ ಕಡೆ. ಒಗ್ಗದ ಆಹಾರದ ಎದುರು ಕುಳಿತವರು ದಸ್ತರ್‌ಖಾನಿನಿಂದ ಎದ್ದು ಹೋಗಲಿಲ್ಲ. ತಿಂದವನಿಗೆ ಬೇರೆ ಲೋಟವನ್ನೂ ಇಡಲಿಲ್ಲ.

ನಾವು ಮುಸ್ಲಿಮರು ಈ ಮಾತನ್ನು ಇನ್ನೂ ಬೇಗ ಅರಿಯಬೇಕಿತ್ತು. ತಟ್ಟೆಯಲ್ಲಿ ಏನಿದೆ ಎಂದು ಇಣುಕಿ ನೋಡಿ ಮನುಷ್ಯನ ಬೆಲೆ ಕಟ್ಟುವ ಲೋಕದಲ್ಲಿ ಅದರ ಏಟು ತಿಂದವರು ನಾವು. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿ ಅಲೆದಾಗ 'ನೀವು ಏನು ತಿನ್ನುತ್ತೀರಿ' ಎಂಬ ಪ್ರಶ್ನೆಗೆ ಉತ್ತರಿಸಿ ಬಾಗಿಲಲ್ಲೇ ತಿರುಗಿ ಬಂದಿದ್ದೇವೆ. 2015ರಲ್ಲಿ ದಾದ್ರಿಯಲ್ಲಿ ಮನೆಯ ಫ್ರಿಜ್ಜಿನಲ್ಲಿದ್ದ ಮಾಂಸದ ಹೆಸರಿನಲ್ಲಿ ಒಬ್ಬ ಮನುಷ್ಯನನ್ನು ಕೊಂದಾಗ ನಮ್ಮ ಮನೆಗಳಲ್ಲೂ ನಿದ್ದೆ ಹೋಗಿತ್ತು. ಹಾಗಿದ್ದೂ ನಮ್ಮ ಮೊಹಲ್ಲಾದಲ್ಲಿ ಇಂದಿಗೂ ಒಬ್ಬ ಹುಡುಗ ಇನ್ನೊಬ್ಬನನ್ನು ಬಯ್ಯಬೇಕಾದರೆ 'ಇಲಿ ತಿನ್ನೋನು' ಎನ್ನುತ್ತಾನೆ. ನಾವು ಹುಡುಗರಾಗಿದ್ದಾಗ ಅಂದಿದ್ದೇವೆ. ಬೇಯಿಸಿದ ರೇಷ್ಮೆ ಹುಳುವಿನ ನಾತ ನಮ್ಮ ಬಟ್ಟೆಗೆ ಅಂಟಿಕೊಂಡಿರುತ್ತಿತ್ತು. ಬಸ್ಸಿನಲ್ಲಿ ಪಕ್ಕದವರು ಎದ್ದು ಬೇರೆ ಕಡೆ ಕೂರುತ್ತಿದ್ದರು. ಬಸ್ಸಿಳಿದು ನಾವು ಇನ್ನೊಬ್ಬನಿಗೆ ಇಲಿ ತಿನ್ನೋನು ಎನ್ನುತ್ತಿದ್ದೆವು.

ಹೇಸಿಗೆ ಬರೀ ಮನಸ್ಸಿನ ರೋಗವಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಅದು ಲೆಕ್ಕದ ಪುಸ್ತಕಕ್ಕೂ ಇಳಿಯುತ್ತದೆ. ಇಲಿ ತಿನ್ನುವವನಿಗೆ ರಾಗಿ ಯಾಕೆ? ಗೆಣಸು ತಿನ್ನುವವನಿಗೆ ಅಕ್ಕಿ ಯಾಕೆ? ಗುಡಿಸಲಲ್ಲಿರುವವನಿಗೆ ಹಕ್ಕುಪತ್ರ ಯಾಕೆ? ಅವನು ತಿನ್ನುವುದಕ್ಕೆ ಬೆಲೆ ಇಲ್ಲ ಎಂದಾದ ಮೇಲೆ ಅವನ ದುಡಿಮೆಗೂ ಬೆಲೆ ಕಟ್ಟಬೇಕಾಗಿಲ್ಲ. ಹಾಗಾಗಿ ಕೂಲಿಯ ಜಾಗದಲ್ಲಿ ಮುಂಗಡ ಬರುತ್ತದೆ. ಮದುವೆಗೋ ಮಗುವಿನ ಕಾಯಿಲೆಗೋ ಪಡೆದ ಒಂದಿಷ್ಟು ದುಡ್ಡಿಗೆ ಇಡೀ ಸಂಸಾರ ತೋಪಿನಲ್ಲೋ ಇಟ್ಟಿಗೆ ಗೂಡಿನಲ್ಲೋ ಮರ ಕಡಿಯುವಲ್ಲೋ ಕೂತುಬಿಡುತ್ತದೆ. ಬಡ್ಡಿ ಬೆಳೆಯುತ್ತದೆ, ಕೂಲಿ ಬೆಳೆಯುವುದಿಲ್ಲ.

ಜೀತ ಪದ್ಧತಿ ರದ್ದತಿ ಕಾಯ್ದೆ 1976ರಲ್ಲಿ ಬಂತು. ಮುಂಗಡ ತೀರಿಸಬೇಕಾದ ಹೊಣೆಯೇ ಇಲ್ಲ ಎಂದು ಆ ಕಾಯ್ದೆ ಹೇಳಿತು. 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳಲ್ಲಿ ದುಡಿದವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇನ್ನೂ ಮುಂದೆ ಹೋಯಿತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಂಡರೆ ಅದೂ ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ, ಹಸಿವು ಕೂಡ ಒಂದು ಬಲವಂತವೇ ಎಂದಿತು. ಆ ತೀರ್ಪು ಬಂದ ಐದಾರು ವರ್ಷಗಳ ಮೇಲೆ ಹೊಂಗನೂರಿನ ಬದುವಿನಲ್ಲಿ ಒಬ್ಬ ಮನುಷ್ಯ ಇಲಿಯ ಕೂಲಿಗೆ ಹೊಗೆ ಊದಿದ. ನಮ್ಮ ಮನೆಯ ಚರಕಗಳ ಮುಂದೆಯೂ ಮುಂಗಡದ ಮಕ್ಕಳು ಕೂತಿದ್ದರು. ಕುದಿವ ನೀರಿನಲ್ಲಿ ಕೈಯಾಡಿಸಿ ಬೆರಳ ತುದಿಗಳು ಬೆಳ್ಳಗೆ ಸುಲಿದ ಮಕ್ಕಳು. ಕೆಲವರು ದಲಿತರು, ಕೆಲವರು ನಮ್ಮವರೇ ಬಡವರು. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಭಾರತದ ರೇಷ್ಮೆ ಉದ್ಯಮದ ಜೀತದ ಮಕ್ಕಳ ಬಗ್ಗೆ ವರದಿ ಪ್ರಕಟಿಸಿದಾಗ ಅದರಲ್ಲಿ ಕರ್ನಾಟಕವೂ ಇತ್ತು. ನಮ್ಮಲ್ಲಿ ಹಲವರು ವ್ಯಾಪಾರ ಕೆಡಿಸಲು ವಿದೇಶಿಯರು ಹೂಡಿದ ಸಂಚು ಎಂದರು. ವರದಿ ಹೇಳಿದ ಆ ಬೆರಳುಗಳನ್ನು ನಾವೇ ಕಂಡಿದ್ದೆವು. ಆದರೂ ಸುಮ್ಮನಿದ್ದೆವು.

ಇರುಳಿಗರ ವಿದ್ಯೆಗೆ ಬೆಲೆಯಿಲ್ಲವೆಂದಲ್ಲ. ತಮಿಳುನಾಡಿನ ಇರುಳರ ಕತೆ ನೋಡಿ. ಹಾವಿನ ಚರ್ಮದ ವ್ಯಾಪಾರಕ್ಕೆ ಹಾವು ಹಿಡಿದು ಕೊಡುತ್ತಿದ್ದ ಅವರ ಬದುಕು 1972ರ ವನ್ಯಜೀವಿ ಕಾಯ್ದೆ ಮತ್ತು ನಂತರದ ನಿಷೇಧಗಳಿಂದ ಒಮ್ಮೆಲೇ ನಿಂತಿತು. 1978ರಲ್ಲಿ ಚೆನ್ನೈ ಹತ್ತಿರದ ವಡನೆಮ್ಮೇಲಿಯಲ್ಲಿ ಅವರ ಸಹಕಾರಿ ಸಂಘ ಹುಟ್ಟಿತು. ಹಾವು ಹಿಡಿದು ವಿಷ ತೆಗೆದು ಮತ್ತೆ ಕಾಡಿಗೆ ಬಿಡುವ ಕೆಲಸ. ಹಾವು ಕಚ್ಚಿದವನಿಗೆ ಆಸ್ಪತ್ರೆಯಲ್ಲಿ ಕೊಡುವ ಮದ್ದು ಆ ವಿಷದಿಂದ ತಯಾರಾಗುತ್ತದೆ. ಹಾವು ಕಡಿತದಿಂದ ಬದುಕುಳಿದ ನಮ್ಮ ಎಷ್ಟೋ ರೈತರ ರಕ್ತದಲ್ಲಿ ಇರುಳರ ಕೈಗುಣವಿದೆ. 2023ರಲ್ಲಿ ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡಯನ್ ಎಂಬ ಇಬ್ಬರು ಇರುಳರಿಗೆ ಪದ್ಮಶ್ರೀ ಬಂತು. ಅದಕ್ಕೆ ನಾಲ್ಕು ವರ್ಷ ಮೊದಲು, 2019ರ ಜುಲೈನಲ್ಲಿ, ಅದೇ ರಾಜ್ಯದ ಕಾಂಚೀಪುರಂ ಮತ್ತು ವೆಲ್ಲೂರು ಜಿಲ್ಲೆಗಳಲ್ಲಿ ಮರ ಕಡಿಯುವ ಜೀತದಿಂದ 42 ಜನರನ್ನು ಬಿಡಿಸಿದರು. ಬಿಡಿಸಲು ಬಂದ ಅಧಿಕಾರಿಯ ಕಾಲಿಗೆ ಒಬ್ಬ ಮುದುಕ ಬಿದ್ದ ಚಿತ್ರವನ್ನು ಓದುಗರು ಪತ್ರಿಕೆಗಳಲ್ಲಿ ನೋಡಿರಬಹುದು. ನಮಗೆ ಆ ಚಿತ್ರ ನೋಡಿ ಕಣ್ಣು ತುಂಬಲಿಲ್ಲ, ನಾಚಿಕೆಯಾಯಿತು. ಕಾನೂನು ನಲವತ್ತಮೂರು ವರ್ಷ ತಡವಾಗಿ ಬಂದಿದೆ, ಕಾಲಿಗೆ ಬೀಳಬೇಕಾದವರು ಯಾರು?

ಭೂಮಿಯ ಮಾತು ಬೇಗ ಮುಗಿಯುತ್ತದೆ, ಯಾಕೆಂದರೆ ಹೇಳಲು ಹೆಚ್ಚೇನಿಲ್ಲ. ದೇವರಾಜ ಅರಸರ ಭೂಸುಧಾರಣೆ ಗೇಣಿದಾರರಿಗೆ ಭೂಮಿ ಕೊಟ್ಟಿತು. ತೋಪು ಕಾಯುವವನು, ಬದು ಅಗೆಯುವವನು ಗೇಣಿದಾರನಲ್ಲ, ಅವನಿಗೆ ಅರ್ಜಿ ಹಾಕಲೂ ದಾರಿಯಿರಲಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಬುಡಕಟ್ಟಿನವರಿಗೆ ಅವರು ಉಳುತ್ತಿದ್ದ ಭೂಮಿಯನ್ನು ನಾಲ್ಕು ಹೆಕ್ಟೇರ್ ಮೀರದಂತೆ ಕೊಡಬೇಕೆಂದಿತು, ಕಾಡಿನ ಜೇನು ಗೆಣಸಿನ ಮೇಲೂ ಹಕ್ಕು ಕೊಟ್ಟಿತು. ಆದರೆ 2005ರ ಡಿಸೆಂಬರ್ 13ಕ್ಕೆ ಮೊದಲೇ ಅಲ್ಲಿದ್ದೆ ಎಂದು ತೋರಿಸಬೇಕು. ಕಾವಲಿನವರ ಕಣ್ಣು ತಪ್ಪಿಸಿ ಬದುಕಿದವನು ಇದ್ದೆ ಎನ್ನಲು ಕಾಗದ ಎಲ್ಲಿಂದ ತರಬೇಕು? 2012ರಲ್ಲಿ ರಾಮದೇವರ ಬೆಟ್ಟ ರಣಹದ್ದುಗಳ ಧಾಮವಾಯಿತು. ಒಳ್ಳೆಯದೇ ಆಯಿತು, ಹದ್ದುಗಳೂ ಉಳಿಯಲಿ. ಹದ್ದುಗಳಿಗೆ ಯಾರೂ ದಾಖಲೆ ಕೇಳಲಿಲ್ಲ.

ಹೊಲದ ಬದುವಿನ ಆ ಬೆಳಗನ್ನು ನಾವು ಕೆಲವು ವರ್ಷಗಳ ಹಿಂದೆ ಕತೆ ಮಾಡಿದೆವು. ಕತೆಗೆ ಬಹುಮಾನ ಬಂತು, ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟರು. ಸಭೆಯಲ್ಲಿ ಒಬ್ಬ ಕಾಲೇಜು ಹುಡುಗಿ ಎದ್ದು, ಕತೆಯ ಇರುಳಿಗನ ಹೆಸರು ನಿಜವಾದದ್ದೇ ಸಾರ್ ಎಂದು ಕೇಳಿದಳು. ನಮಗೆ ಉತ್ತರ ಹೊಳೆಯಲಿಲ್ಲ. ಹೆಸರನ್ನು ನಾವೇ ಇಟ್ಟಿದ್ದೆವು. ನಿಜವಾದ ಹೆಸರನ್ನು ಅಬ್ಬಾ ಕೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ಹೋದ ವರ್ಷ ಹೊಂಗನೂರಿನ ಹಳೆಯ ಗೆಳೆಯರೊಬ್ಬರನ್ನು ಕರೆದುಕೊಂಡು ಹುಡುಕಿ ಹೋದೆವು. ಗುಡ್ಡದ ಬುಡದಲ್ಲಿ ಆರೇಳು ಮನೆ. ಅವನು ಇದ್ದ. ಎದೆ ಹೂತುಹೋಗಿ, ಮಾತಿಗೊಮ್ಮೆ ಕೆಮ್ಮುತ್ತ, ಬಾಗಿಲ ಬಳಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದ. ಮೊದಲು ಹೆಸರು ಕೇಳಿದೆವು. ಹೇಳಿದ. ಇಲ್ಲಿ ಬರೆಯುತ್ತಿಲ್ಲ, ಅದು ಅವನದು. ಸೊಸೆ ಚಹಾ ಇಟ್ಟಳು. ನಾವು ಕೂರುತ್ತಿದ್ದಂತೆಯೇ ಒಂದು ಮಗು ಅಂಗಡಿಗೆ ಓಡಿದ್ದನ್ನು ನೋಡಿದ್ದೆವು, ಬಿಸ್ಕತ್ತಿಗಿರಬೇಕು ಎಂದುಕೊಂಡಿದ್ದೆವು. ಮಗು ತಂದದ್ದು ಎರಡು ಪೇಪರ್ ಕಪ್ಪು. ಬೇಡವ್ವಾ, ನಿಮ್ಮ ಲೋಟದಲ್ಲೇ ಕೊಡು ಎನ್ನುವಷ್ಟರಲ್ಲಿ ಅವಳು ಸುರಿದಾಗಿತ್ತು.

ಆ ರಾಗಿಯ ಮಾತನ್ನು ಎತ್ತಿದೆವು. ಅಬ್ಬಾ ಸುರಿಸಿಕೊಂಡದ್ದು, ದಾದಿ ಬೇಡವೆಂದದ್ದು, ಕೋಳಿಗೆ ಹಾಕಿದ್ದು, ಎಲ್ಲ ಹೇಳಿದೆವು. ಕ್ಷಮೆ ಕೇಳುವುದು ಹೇಗೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆವು. ಅವನು ಕೇಳುತ್ತ ಕೇಳುತ್ತ ನಗಲು ಶುರು ಮಾಡಿದ. ನಗು ಕೆಮ್ಮಾಯಿತು, ಸೊಸೆ ಬಂದು ಬೆನ್ನು ನೀವಿದಳು.

"ಎಲ್ಲಾನೂ ಸುರೀಲಿಲ್ಲ ಕಣ್ ಸಾಬ್ರೇ," ಎಂದ ಕಣ್ಣೊರೆಸಿಕೊಂಡು. "ನಮ್ಮವ್ಳು ಸೊಂಟದಾಗೆ ಒಂದ್ ಪಾವು ಮಡಿಕ್ಕಂಡಿದ್ಲು."